ಗ್ರಂಥ ತಪ್ಪದು ಎನ್ನುವವರೊಡನೆ ಮಾತು

(ಮಸ್ಕಿಯ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಪ್ರವಚನ. ಧ್ವನಿಮುದ್ರಿಕೆಯಿಂದ ಬರಹಕ್ಕೆ ಇಳಿಸಿದ್ದು.)



ಗ್ರಂಥದಲ್ಲಿ ಹೇಳಿದೆ, ಆದ್ದರಿಂದ ಅದು ಸತ್ಯ. ಗ್ರಂಥಕ್ಕೆ ತಪ್ಪು ಎಂಬುದೇ ಇಲ್ಲ, ಎಂದು ನಂಬಿದವರೊಡನೆ ನಾವು ಹೇಗೆ ಮಾತನಾಡಬೇಕು? ಇದು ಇಂದಿನ ವಿಷಯ. ಇದನ್ನು ನಾವಾಗಿ ಆರಿಸಿಕೊಂಡದ್ದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಭಕ್ತರು, ಅದರಲ್ಲಿಯೂ ಕಾಲೇಜು ಓದುವ ಹುಡುಗರು, ಮಠಕ್ಕೆ ಬಂದಾಗಲೆಲ್ಲ ಇದನ್ನೇ ಕೇಳುತ್ತಾರೆ. ಕೆಲವರು ಬಹಳ ಆವೇಶದಿಂದ ಕೇಳುತ್ತಾರೆ. "ಬುದ್ಧೀ, ಅವರ ಪುಸ್ತಕದಾಗ ಇಂಥಿಂಥಾ ತಪ್ಪು ಅದಾವ, ನಾವು ತೋರಿಸಿದಿವಿ, ಆದರೂ ಅವರು ಒಪ್ಪಲಿಲ್ಲ" ಎನ್ನುತ್ತಾರೆ. ಒಪ್ಪುವುದಿಲ್ಲ. ಹಾಗೆ ತೋರಿಸಿದರೆ ಯಾರೂ ಒಪ್ಪಿದ್ದಿಲ್ಲ.

ಈ ಸೀಮೆಯನ್ನು ನೋಡಿರಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಆಂಧ್ರದ ಕಡೆಯ ರೈತರ ಕ್ಯಾಂಪುಗಳಾದವು. ಪೂರ್ವ ಬಂಗಾಲದಿಂದ ನೆಲೆ ತಪ್ಪಿ ಬಂದ ಕುಟುಂಬಗಳಿಗೆ ಸರಕಾರವು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಕೊಟ್ಟಿತು. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಕ್ಯಾಥೋಲಿಕ ಕ್ರೈಸ್ತರು ಶತಮಾನಗಳಿಂದ ಇದ್ದಾರೆ. ಅದೇ ಊರಿನ ಮೊಹರಮ್ಮಿಗೆ ಎಲ್ಲ ಜಾತಿಯ ಜನ ಸೇರುತ್ತಾರೆ. ಪಕ್ಕದ ಮಾನವಿ ಜಗನ್ನಾಥದಾಸರ ಊರು. ಹೀಗೆ ಒಂದೇ ಸಂತೆಯಲ್ಲಿ ನಾಲ್ಕಾರು ಗ್ರಂಥಗಳನ್ನು ನಂಬಿದ ಜನ ಜೋಳ ಕೊಳ್ಳುತ್ತಾರೆ, ಭತ್ತ ಮಾರುತ್ತಾರೆ. ಸಂತೆಯಲ್ಲಿ ಜಗಳವಿಲ್ಲ. ಜಗಳ ಬರುವುದು ಮನೆಯೊಳಗೆ. ತಂದೆ ಒಂದು ಗ್ರಂಥ ಹಿಡಿದು, ಮಗ ಇನ್ನೊಂದು ಗ್ರಂಥ ಹಿಡಿದು ಕುಳಿತರೆ ಆ ಮನೆಯ ಒಲೆ ಎರಡಾಗುತ್ತದೆ. ಆದ್ದರಿಂದ ಇದು ಪಂಡಿತರ ವಿನೋದಕ್ಕೆ ಬಿಟ್ಟುಬಿಡುವ ಮಾತಲ್ಲ.

ಮೊದಲು ತಿಳಿಯಬೇಕಾದದ್ದು, ತಪ್ಪು ಹುಡುಕಿ ತೋರಿಸುವ ದಾರಿ ಏಕೆ ನಡೆಯುವುದಿಲ್ಲ ಎಂಬುದನ್ನು. ಗ್ರಂಥ ತಪ್ಪದು ಎನ್ನುವವರು ದಡ್ಡರೆಂದು ತಿಳಿದಿದ್ದರೆ ಆ ತಿಳಿವಳಿಕೆಯನ್ನು ಇಲ್ಲಿಯೇ ಬಿಡಿರಿ. ನಮ್ಮ ದೇಶದಲ್ಲಿ ಈ ವಿಷಯದ ಮೇಲೆ ಎರಡು ಸಾವಿರ ವರ್ಷ ತಲೆ ಸವೆಸಿದ್ದಾರೆ. ಮೀಮಾಂಸಕರ ವಾದ ಕೇಳಿರಿ: ಮಾತಿನಲ್ಲಿ ದೋಷ ಬರುವುದು ಮಾತನಾಡಿದವನಿಂದ. ಅವನಿಗೆ ಭ್ರಮೆ ಇರಬಹುದು, ಮೋಸದ ಬುದ್ಧಿ ಇರಬಹುದು. ವೇದವನ್ನು ಯಾರೂ ಹೇಳಿದ್ದಲ್ಲ, ಅದು ಅಪೌರುಷೇಯ. ಹೇಳಿದವನೇ ಇಲ್ಲವಾದ ಮೇಲೆ ದೋಷ ಎಲ್ಲಿಂದ ಬರಬೇಕು? ನೈಯಾಯಿಕರೂ ವೇದ ಪ್ರಮಾಣವೆಂದೇ ಹೇಳುತ್ತಾರೆ. ಆದರೆ ಅವರು ಕೊಡುವ ಕಾರಣ ನೇರ ವಿರುದ್ಧ: ವೇದವನ್ನು ಹೇಳಿದವನು ಸರ್ವಜ್ಞನಾದ ಈಶ್ವರ, ಅವನು ಆಪ್ತ, ಆದ್ದರಿಂದ ಅದು ತಪ್ಪದು! ಒಬ್ಬರು ಹೇಳಿದವನಿಲ್ಲವೆಂದು ನಂಬುತ್ತಾರೆ, ಇನ್ನೊಬ್ಬರು ಹೇಳಿದವನಿದ್ದಾನೆಂದು ನಂಬುತ್ತಾರೆ. ಸಿದ್ಧಾಂತ ಒಂದೇ, ಒಬ್ಬರ ಕಾರಣ ಮತ್ತೊಬ್ಬರ ಕಾರಣವನ್ನು ಕೆಡವುತ್ತದೆ. ಇದರಿಂದ ನಮಗೆ ತಿಳಿಯುವುದೇನು? ನಂಬಿಕೆ ಮೊದಲು ಬಂದಿದೆ, ಕಾರಣ ಹಿಂದಿನಿಂದ ಬಂದಿದೆ.

ನ್ಯಾಯಸೂತ್ರದಲ್ಲಿ ಎದುರುವಾದಿಯ ಆಕ್ಷೇಪವೊಂದಿದೆ. ವೇದದಲ್ಲಿ ಅಸತ್ಯವಿದೆ, ಪರಸ್ಪರ ವಿರೋಧವಿದೆ, ಪುನರುಕ್ತಿ ಇದೆ, ಆದ್ದರಿಂದ ಅದು ಪ್ರಮಾಣವಲ್ಲ ಎಂದು. ಅಸತ್ಯಕ್ಕೆ ಕೊಡುವ ಉದಾಹರಣೆ ಪುತ್ರಕಾಮೇಷ್ಟಿ. ಮಕ್ಕಳಾಗಲೆಂದು ಇಷ್ಟಿ ಮಾಡಿದರು, ಮಗು ಹುಟ್ಟಲಿಲ್ಲ, ಗ್ರಂಥ ಸುಳ್ಳಾಯಿತಲ್ಲವೇ? ಸೂತ್ರಕಾರರ ಉತ್ತರ: ಗ್ರಂಥ ಸುಳ್ಳಲ್ಲ, ಕರ್ಮದಲ್ಲಿ, ಮಾಡಿದವನಲ್ಲಿ, ಸಾಧನದಲ್ಲಿ ಎಲ್ಲಿಯೋ ಲೋಪವಾಗಿದೆ. ಈ ಉತ್ತರದ ಗಟ್ಟಿತನ ನೋಡಿರಿ. ಮಗು ಹುಟ್ಟಿದರೆ ಗ್ರಂಥ ಗೆದ್ದಿತು, ಹುಟ್ಟದಿದ್ದರೆ ಮನುಷ್ಯ ಸೋತ. ಯಾವ ಮತದ ಗ್ರಂಥವಾದಿಯೇ ಆಗಲಿ, ನೀವು ತಪ್ಪು ತೋರಿಸಿದಾಗ ಅವನ ಬಾಯಿಂದ ಬರುವುದು ಇದರದೇ ಒಂದು ರೂಪ. ನಿನಗೆ ಅರ್ಥವಾಗಿಲ್ಲ, ಅನುವಾದ ಸರಿಯಿಲ್ಲ, ಆ ಮಾತಿಗೆ ಬೇರೆ ತಾತ್ಪರ್ಯವಿದೆ. ಒಂದು ತಪ್ಪು ತೋರಿಸಿದರೆ ಒಂದು ಸಮಾಧಾನ, ನೂರು ತೋರಿಸಿದರೆ ನೂರು ಸಮಾಧಾನ. ಕೊನೆಗೆ ಇಬ್ಬರ ಕಂಠವೂ ಒಣಗುತ್ತದೆ.

ಹಾಗಾದರೆ ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಬೇಕೇ? ಹಾಗಲ್ಲ. ಅದೇ ನ್ಯಾಯಶಾಸ್ತ್ರದವರು ಮಾತುಕತೆಯಲ್ಲಿ ಮೂರು ಬಗೆ ಹೇಳಿದ್ದಾರೆ. ಸತ್ಯ ತಿಳಿಯಲೆಂದು ಇಬ್ಬರೂ ಕೂಡಿ ಮಾಡುವುದು ವಾದ. ಗೆಲ್ಲಬೇಕೆಂದೇ ಮಾಡುವುದು ಜಲ್ಪ. ತನ್ನದೊಂದು ಪಕ್ಷವನ್ನೂ ಇಡದೆ ಬರೀ ಎದುರಿನವನನ್ನು ಕೆಡವುವುದು ವಿತಂಡ. ನಮ್ಮ ಹುಡುಗರು ಕಟ್ಟೆಯ ಮೇಲೆ ಮಾಡುವುದು ಬಹುಪಾಲು ಮೂರನೆಯದು. ಅದಕ್ಕೆ ಅವರು ವಾದವೆಂಬ ಹೆಸರಿಟ್ಟುಕೊಂಡಿದ್ದಾರೆ, ಅಷ್ಟೇ.

ಹಿಂದಿನ ಕಾಲದಲ್ಲಿ ಇಂಥ ವಾದಗಳು ಹೇಗೆ ಮುಗಿಯುತ್ತಿದ್ದವು ಎಂಬುದಕ್ಕೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವೇ ಸಾಕ್ಷಿ. ಸುಮಾರು ಕ್ರಿ.ಶ. ೧೨೦೦ರ ಶಾಸನ ಅದು. ಏಕಾಂತದ ರಾಮಯ್ಯಗಳಿಗೂ ಜೈನರಿಗೂ ವಿವಾದವಾಯಿತು. ತಲೆಯನ್ನು ಕತ್ತರಿಸಿ ಶಿವನಿಗೊಪ್ಪಿಸಿ ಮರಳಿ ಪಡೆಯುತ್ತೇನೆಂದು ರಾಮಯ್ಯಗಳ ಪಂಥ. ಹಾಗಾದರೆ ಜಿನಬಿಂಬವನ್ನು ತೆಗೆಯುವುದೆಂದು ಜೈನರು ಓಲೆ ಬರೆದುಕೊಟ್ಟರು. ರಾಮಯ್ಯಗಳು ಗೆದ್ದರು, ಬಿಜ್ಜಳನು ಜಯಪತ್ರ ಕೊಟ್ಟನು ಎಂದು ಶಾಸನ ಹೇಳುತ್ತದೆ. ರಾಮಯ್ಯಗಳ ಭಕ್ತಿಗೆ ನಾವು ಕೈ ಮುಗಿಯುತ್ತೇವೆ. ಆದರೆ ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿದ್ದೆಷ್ಟು? ಗೆದ್ದವರು ಜಯಪತ್ರ ಹಿಡಿದು ಹೋದರು, ಸೋತವರು ತಮ್ಮ ನಂಬಿಕೆಯನ್ನೇ ಹಿಡಿದು ಹೋದರು. ಇದರ ಪಕ್ಕದಲ್ಲಿ ಶ್ರವಣಬೆಳಗೊಳದ ೧೩೬೮ರ ಶಾಸನವನ್ನು ಇಟ್ಟು ನೋಡಿರಿ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯನು ಯಾರ ಗ್ರಂಥ ಸರಿ ಎಂದು ತೀರ್ಪು ಕೊಡಲು ಹೋಗಲಿಲ್ಲ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಇಬ್ಬರಿಗೂ ಭೇದವಿಲ್ಲವೆಂದು ಕಲ್ಲಿನಲ್ಲಿ ಬರೆಯಿಸಿದನು.

ಕಲ್ಲಿನ ಮಾತು ಬಂದಿತು. ನೀವು ಕುಳಿತಿರುವ ಈ ಊರಿನ ಕಲ್ಲನ್ನೇ ಕೇಳೋಣ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆಯೆಂದು ನಿಮಗೆ ಗೊತ್ತು. ಎಷ್ಟು ಜನ ಹೋಗಿ ನೋಡಿದ್ದೀರಿ ಎಂದು ಕೇಳುವುದಿಲ್ಲ, ಕೇಳಿದರೆ ಬಹಳ ಕೈಗಳು ಮೇಲೇಳಲಿಕ್ಕಿಲ್ಲ. ೧೯೧೫ರಲ್ಲಿ ನಿಜಾಮ ಸಂಸ್ಥಾನದಲ್ಲಿದ್ದ ಬೀಡನ್ ಎಂಬ ಗಣಿ ಇಂಜಿನಿಯರನಿಗೆ ಅದು ಕಂಡಿತು. ಚಿನ್ನದ ಸೀಮೆಯಲ್ಲಿ ಓಡಾಡುತ್ತಿದ್ದವನಿಗೆ ಅಕ್ಷರ ಸಿಕ್ಕಿತು. ಅದರ ಮಹತ್ವವೇನು? ೧೮೩೭ರಲ್ಲಿ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀ ಲಿಪಿಯನ್ನು ಓದಿದನು. ದೇಶದ ಉದ್ದಗಲಕ್ಕೂ ಇದ್ದ ಆ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವು, ರಾಜನ ಹೆಸರಿರಲಿಲ್ಲ. ಇವನು ಸಿಂಹಳದ ರಾಜನಿರಬೇಕೆಂದು ಪ್ರಿನ್ಸೆಪ್ಪನು ಮೊದಲು ಭಾವಿಸಿದನು. ಸಿಂಹಳದ ಪಾಲಿ ಗ್ರಂಥಗಳನ್ನು ಓದಿದ್ದ ಟರ್ನರ್ ಎಂಬಾತನು ಅಲ್ಲ, ಇವನು ಅಶೋಕನೆಂದು ತೋರಿಸಿದನು. ಆದರೂ ಶಾಸನದಲ್ಲಿಯೇ ಆ ಹೆಸರು ಕಾಣಲು ಮಸ್ಕಿಯ ಬಂಡೆ ಸಿಗಬೇಕಾಯಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ ಕೂಡ ಹೆಸರು ಸಿಕ್ಕಿತು. ನಿಟ್ಟೂರು ಎಂದರೆ ನಿಮ್ಮ ಸಿಂಧನೂರಿನವರಿಗೆ ಹೊಳೆಯ ಆಚೆ ದಂಡೆ.

ಈ ಕಥೆಯನ್ನು ಏಕೆ ಹೇಳಿದೆವು? ಕಾಗದ ಹರಿಯಬಹುದು, ತಾಳೆಗರಿ ಹುಳ ತಿನ್ನಬಹುದು. ಕಲ್ಲಿನ ಅಕ್ಷರಕ್ಕಿಂತ ಸ್ಥಿರವಾದದ್ದು ಯಾವುದಿದೆ? ಅಂಥ ಅಕ್ಷರವೇ ನೂರಾರು ವರ್ಷ ಓದುವವರಿಲ್ಲದೆ ಮೂಕವಾಗಿತ್ತು. ಓದಿದ ಮೇಲೆ ಮೊದಲು ತಪ್ಪಾಗಿ ಅರ್ಥವಾಯಿತು. ಸರಿಯಾದದ್ದು ಬೇರೆ ಗ್ರಂಥದ ಸಹಾಯದಿಂದ. ನಮ್ಮ ಮಸ್ಕಿಯ ಬಂಡೆಯಲ್ಲಿ ಅಲ್ಲಲ್ಲಿ ಅಕ್ಷರ ಸವೆದಿವೆ. ಅವನ್ನು ತುಂಬಿಕೊಳ್ಳಲು ಬ್ರಹ್ಮಗಿರಿಯ, ರೂಪನಾಥದ ಪಾಠಗಳನ್ನು ನೋಡಬೇಕು. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇದೇ ಶಾಸನದ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಸಾಲು ಬಲದಿಂದ ಎಡಕ್ಕೆ ಇವೆ. ಚಕ್ರವರ್ತಿಯ ಆಜ್ಞೆಯೇನೋ ಹೌದು, ಉಳಿ ಹಿಡಿದವನು ಮನುಷ್ಯ. ಬ್ರಹ್ಮಗಿರಿಯಲ್ಲಿ ಆ ಲಿಪಿಕಾರನು ಚಪಡ ಎಂದು ತನ್ನ ಹೆಸರನ್ನೂ ಬರೆದಿದ್ದಾನೆ.

ಯಾವ ಗ್ರಂಥವೇ ಆಗಲಿ, ಅದು ಆಕಾಶದಿಂದ ಬಂದಿತೆಂದೇ ಇಟ್ಟುಕೊಳ್ಳಿರಿ, ಅದಕ್ಕೊಬ್ಬ ಚಪಡ ಇದ್ದೇ ಇರುತ್ತಾನೆ. ಬರೆದವನು, ಹೇಳಿಕೊಟ್ಟವನು, ಅನುವಾದಿಸಿದವನು, ಅರ್ಥ ಬಿಡಿಸಿದವನು. ಇದನ್ನು ಗ್ರಂಥವಾದಿಗಳೇ ಒಪ್ಪುತ್ತಾರೆ. ವೇದವನ್ನು ಪದ, ಕ್ರಮ, ಜಟೆ, ಘನ ಎಂದು ಹೆಣೆದು ಬಾಯಿಂದ ಬಾಯಿಗೆ ಕಾಪಾಡಿದರು. ಆ ಸಾಧನೆ ಜಗತ್ತಿನಲ್ಲಿಯೇ ದೊಡ್ಡದು. ಅದನ್ನು ಹಗುರವಾಗಿ ನುಡಿಯಬಾರದು. ಅಷ್ಟೆಲ್ಲ ಏಕೆ ಮಾಡಿದರು? ನಾಲಗೆ ತಪ್ಪುತ್ತದೆ ಎಂಬ ಭಯದಿಂದ. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನನ್ನು ಬೇಡಿ, ಒಂದು ಸ್ವರ ತಪ್ಪಿದ್ದರಿಂದ ಇಂದ್ರನಿಂದ ಸಾಯುವ ಮಗನನ್ನು ಪಡೆದನೆಂಬ ಕಥೆಯನ್ನು ಹೇಳುವವರು ವೈದಿಕರೇ. ಕ್ರೈಸ್ತರನ್ನು ತೆಗೆದುಕೊಳ್ಳಿರಿ. ೧೯೭೮ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಬೈಬಲ್ಲಿಗೆ ತಪ್ಪಿಲ್ಲವೆಂದು ನಂಬುವ ಪಂಡಿತರೇ ಸೇರಿ ಒಂದು ಘೋಷಣೆ ಮಾಡಿದರು. ಅದರಲ್ಲಿ, ತಪ್ಪಿಲ್ಲದಿರುವಿಕೆ ಸೇರಿದ್ದು ಮೊದಲ ಮೂಲಪ್ರತಿಗೆ ಎಂದು ಬರೆದರು. ಆ ಮೂಲಪ್ರತಿಗಳು ಇಂದು ಯಾರ ಕೈಯಲ್ಲಿಯೂ ಇಲ್ಲ. ಕನ್ನಡದ ಬೈಬಲ್ಲು ಮೊದಲು ತಯಾರಾದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ, ಹ್ಯಾಂಡ್ಸ್ ಎಂಬ ಪಾದ್ರಿಯಿಂದ; ೧೮೩೧ರ ಹೊತ್ತಿಗೆ ಪೂರ್ಣವಾಯಿತು. ಆಮೇಲಿನ ಪಾದ್ರಿಗಳೇ ಅದನ್ನು ತಿದ್ದಿ ಮತ್ತೆ ಅನುವಾದಿಸಿದರು. ಮುಸಲ್ಮಾನ ಬಂಧುಗಳು ಅರಬ್ಬೀ ಮೂಲವೊಂದೇ ಕುರಾನು, ಅನುವಾದವೆಂಬುದು ಅರ್ಥ ಮಾತ್ರ ಎನ್ನುತ್ತಾರೆ. ಸುನ್ನಿಗಳಲ್ಲಿ ಧರ್ಮಶಾಸ್ತ್ರ ಹೇಳುವಾಗ ಹನಫಿ, ಮಾಲಿಕಿ, ಶಾಫಿ, ಹಂಬಲಿ ಎಂದು ನಾಲ್ಕು ಸಂಪ್ರದಾಯಗಳು. ಗ್ರಂಥ ಒಂದೇ, ಓದು ನಾಲ್ಕು.

ಆದ್ದರಿಂದ, ನಿಮ್ಮ ಗ್ರಂಥದಲ್ಲಿ ತಪ್ಪಿದೆ ಎಂದು ಮಾತು ಆರಂಭಿಸಬೇಡಿರಿ. ಗ್ರಂಥ ತಪ್ಪದು ಎಂದೇ ಇರಲಿ, ಓದುವವನು ತಪ್ಪುವುದುಂಟೇ? ಎಂದು ಕೇಳಿರಿ. ಉಂಟು ಎಂದೇ ಹೇಳುತ್ತಾನೆ, ಏಕೆಂದರೆ ತನ್ನ ಮತದ ಬೇರೆ ಪಂಗಡದವರು ತಪ್ಪಾಗಿ ಓದುತ್ತಾರೆಂದು ಅವನು ಆಗಲೇ ನಂಬಿದ್ದಾನೆ. ಅಲ್ಲಿಗೆ ಇಬ್ಬರೂ ಮನುಷ್ಯರ ನಡುವೆ ಬಂದು ಕುಳಿತಂತಾಯಿತು. ಗೆಲಿಲಿಯೋ ಮಹಾಶಯನು ೧೬೧೩ರಲ್ಲಿ ಬರೆದ ಪತ್ರದಲ್ಲಿ ಹಿಡಿದದ್ದು ಇದೇ ದಾರಿ: ಧರ್ಮಗ್ರಂಥ ತಪ್ಪದಿರಬಹುದು, ಅದರ ವ್ಯಾಖ್ಯಾನಕಾರರು ತಪ್ಪಬಹುದು. ೧೬೩೩ರಲ್ಲಿ ಅವನಿಗೆ ಶಿಕ್ಷೆಯಾಯಿತು ನಿಜ. ೧೯೯೨ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು, ಅಂದಿನ ಧರ್ಮಪಂಡಿತರು ತಪ್ಪಿದರೆಂದು ಒಪ್ಪಿಕೊಂಡರು. ಬಹಳ ತಡವಾಯಿತು. ನಮ್ಮಲ್ಲಿ ಶಂಕರಾಚಾರ್ಯರು ಗೀತೆಯ ಭಾಷ್ಯದಲ್ಲಿ, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬ ಅರ್ಥದ ಮಾತನ್ನು ಬರೆದಿದ್ದಾರೆ. ವೇದಪ್ರಾಮಾಣ್ಯವನ್ನು ತಲೆಯ ಮೇಲೆ ಹೊತ್ತವರು ಆಡಿದ ಮಾತು ಇದು ಎಂಬುದನ್ನು ನೆನಪಿಡಿರಿ.

ಇಷ್ಟು ಹೇಳಿದಾಗ ನಿಮ್ಮಲ್ಲಿ ಕೆಲವರ ಮುಖ ಅರಳಿದೆ. ಇನ್ನು ಮುಂದೆ ಹೇಳುವುದು ಅಷ್ಟು ಹಿತವಾಗಲಿಕ್ಕಿಲ್ಲ.

ವೇದಶಾಸ್ತ್ರಗಳ ಹೆಸರಿನಲ್ಲಿ ಹೆಣ್ಣಿಗೆ, ಶ್ರಮಿಕನಿಗೆ ಬಾಗಿಲು ಮುಚ್ಚಿದಾಗ ಹನ್ನೆರಡನೆಯ ಶತಮಾನದ ಶರಣರು ಪ್ರಶ್ನಿಸಿದರು. ಅಂಬಿಗರು, ಮಾದಾರರು, ಮಡಿವಾಳರು, ಸೂಳೆಯೆಂದು ಕರೆಯಿಸಿಕೊಂಡ ತಾಯಂದಿರು ಸಹ ತಮ್ಮ ಅರಿವನ್ನೇ ಪ್ರಮಾಣವಾಗಿ ಇಟ್ಟು ಮಾತನಾಡಿದರು. ಅಂಥವರ ಮಕ್ಕಳಾದ ನಾವು ಈಗ ಏನು ಮಾಡುತ್ತಿದ್ದೇವೆ? ವಚನದಲ್ಲಿ ಹೇಳಿದೆ, ಮುಗಿಯಿತು, ಎನ್ನುತ್ತೇವೆ. ಬೇರೆಯವರ ಗ್ರಂಥವನ್ನು ತಕ್ಕಡಿಗೆ ಹಾಕುವವರು ನಮ್ಮ ಗ್ರಂಥವನ್ನು ಜಗುಲಿಯ ಮೇಲಿಟ್ಟು ಊದಿನಕಡ್ಡಿ ಬೆಳಗಿದರೆ ಆ ತಕ್ಕಡಿಯನ್ನು ಯಾರು ನಂಬುತ್ತಾರೆ?

ವಚನಗಳು ನಮಗೆ ಬಂದ ದಾರಿಯನ್ನು ನೋಡಿರಿ. ಕಲ್ಯಾಣದ ಕ್ರಾಂತಿಯ ಕಾಲದ ಓಲೆಗಳು ನಮ್ಮ ಕೈಯಲ್ಲಿಲ್ಲ. ಇರುವ ಪ್ರತಿಗಳು ಹೆಚ್ಚಾಗಿ ವಿಜಯನಗರದ ಕಾಲದವು, ಆಮೇಲಿನವು. ಪ್ರೌಢದೇವರಾಯನ ಕಾಲದಿಂದ ವಿರಕ್ತರು ಸಂಗ್ರಹಿಸಿದರು, ಜೋಡಿಸಿದರು. ಆಮೇಲೆ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆ ಕೂಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದರು. ೧೯೯೩ರಲ್ಲಿ ಸರಕಾರದಿಂದ ಸಮಗ್ರ ವಚನ ಸಂಪುಟಗಳು ಹದಿನೈದು ಬಂದವು. ಸಂಪಾದಕರು ಪಾಠಾಂತರಗಳನ್ನು ಹೋಲಿಸಿ ಹೋಲಿಸಿ ಕಣ್ಣು ಕಳೆದುಕೊಂಡಿದ್ದಾರೆ. ಪಾಠಾಂತರವೆಂದರೇನು? ಒಂದು ಓಲೆಯಲ್ಲಿ ಒಂದು ಮಾತು, ಇನ್ನೊಂದು ಓಲೆಯಲ್ಲಿ ಇನ್ನೊಂದು ಮಾತು. ನಮ್ಮಲ್ಲಿಯೂ ಚಪಡರಿದ್ದಾರೆ.

ಶೂನ್ಯಸಂಪಾದನೆಯನ್ನೇ ತೆಗೆದುಕೊಳ್ಳಿರಿ. ಪ್ರಭುದೇವರು ಸೊನ್ನಲಿಗೆಗೆ ಹೋಗಿ, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರೊಡನೆ ಮಾತನಾಡಿ ಅವರನ್ನು ಕಲ್ಯಾಣಕ್ಕೆ ಕರೆತರುವ ಪ್ರಸಂಗ ನಿಮಗೆಲ್ಲ ಗೊತ್ತು. ಈ ಗ್ರಂಥವನ್ನು ನಾಲ್ವರು ಒಬ್ಬರ ನಂತರ ಒಬ್ಬರು ಸಂಪಾದಿಸಿದ್ದಾರೆ. ಶಿವಗಣಪ್ರಸಾದಿ ಮಹಾದೇವಯ್ಯಗಳ ಮೊದಲ ಸಂಪಾದನೆಯಲ್ಲಿ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗವಿಲ್ಲ. ಗೂಳೂರು ಸಿದ್ಧವೀರಣ್ಣೊಡೆಯರ ಕೊನೆಯ ಸಂಪಾದನೆಯ ಹೊತ್ತಿಗೆ ಅದು ಸೇರಿದೆ. ಅಷ್ಟು ದೊಡ್ಡ ಶರಣರು ಲಿಂಗದೀಕ್ಷೆಯಿಲ್ಲದೆ ಇದ್ದರೆಂದರೆ ಮನಸ್ಸು ಒಪ್ಪಲಿಲ್ಲ, ಸೇರಿಸಿದರು. ಇದರಲ್ಲಿ ಮುಚ್ಚಿಡುವುದೇನಿದೆ? ಆ ಮಹನೀಯರು ತಮ್ಮ ಗ್ರಂಥವನ್ನು ಮುಟ್ಟಬಾರದ ವಸ್ತುವೆಂದು ತಿಳಿಯಲಿಲ್ಲ. ಅದೇ ಗ್ರಂಥವನ್ನು ಒಂದಕ್ಷರ ಕದಲದ್ದು ಎಂದು ಇಂದು ನಾವು ಹೇಳಿದರೆ, ಅದನ್ನು ಬರೆದವರಿಗಿಂತ ನಾವೇ ಹೆಚ್ಚು ಮಡಿವಂತರಾದೆವು.

ಹಾಗೆಂದು ಯಾರು ಬೇಕಾದರೂ ಹೇಗೆ ಬೇಕಾದರೂ ತಿದ್ದಬಹುದೇ? ಕೂಡದು. ಮಾತೆ ಮಹಾದೇವಿಯವರು ತಮ್ಮ ವಚನ ದೀಪ್ತಿಯಲ್ಲಿ ಬಸವಣ್ಣನವರ ಅಂಕಿತವನ್ನು ಬದಲಿಸಿ ಲಿಂಗದೇವ ಎಂದು ಮಾಡಿದಾಗ ಎಷ್ಟು ಗದ್ದಲವಾಯಿತೆಂದು ಹಿರಿಯರಿಗೆ ನೆನಪಿದೆ. ೧೯೯೮ರಲ್ಲಿ ಸರಕಾರ ಆ ಪುಸ್ತಕವನ್ನು ನಿಷೇಧಿಸಿತು, ೨೦೧೭ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಅಂಕಿತ ಬದಲಿಸಿದ್ದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಕಾರಣ, ವಚನ ಮುಟ್ಟಬಾರದ್ದು ಎಂದಲ್ಲ. ಓಲೆಗಳಲ್ಲಿ ಇರುವುದು ಆ ಅಂಕಿತ ಎಂದು. ಈ ಎರಡು ಕಾರಣಗಳಲ್ಲಿ ಬಹಳ ಅಂತರವಿದೆ. ಮೊದಲನೆಯದಾದರೆ ಮಾತು ಅಲ್ಲಿಗೇ ನಿಂತಿತು. ಎರಡನೆಯದಾದರೆ ನಾಳೆ ಇನ್ನೊಂದು ಹಳೆಯ ಓಲೆ ಸಿಕ್ಕರೆ ಕುಳಿತು ನೋಡೋಣ ಎಂಬ ದಾರಿ ಉಳಿಯಿತು.

ಒಂದು ಗ್ರಂಥವನ್ನು ಅಳೆಯುವುದು ಯಾವುದರಿಂದ ಎಂದು ಕೇಳುತ್ತೀರಿ. ಮಸ್ಕಿಯ ಬಂಡೆ ಏನು ಹೇಳುತ್ತದೆಂದು ಇನ್ನೂ ಹೇಳಲಿಲ್ಲವಲ್ಲ. ಬಹಳ ಚಿಕ್ಕ ಶಾಸನ. ಅದರ ತಾತ್ಪರ್ಯ ಇದು: ಧರ್ಮದಲ್ಲಿ ಉತ್ಸಾಹವಿಟ್ಟರೆ ಸಣ್ಣ ಮನುಷ್ಯನೂ ಈ ಫಲವನ್ನು ಪಡೆಯಬಲ್ಲ, ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು. ಶರಣರಿಗಿಂತ ಸಾವಿರದ ನಾಲ್ಕುನೂರು ವರ್ಷ ಹಿಂದೆ, ಬೌದ್ಧ ಉಪಾಸಕನೊಬ್ಬ ನಮ್ಮ ಊರಿನ ಬಂಡೆಯ ಮೇಲೆ ಬರೆಯಿಸಿದ ಮಾತು. ಇದು ನಮ್ಮ ಗ್ರಂಥವಲ್ಲ. ಆದರೂ ಕೇಳಿದೊಡನೆ ನಮ್ಮದೆನ್ನಿಸುತ್ತದೆ. ಏಕೆ? ಅಲ್ಲಿ ಬಾಗಿಲು ತೆರೆದಿದೆ. ಯಾರಾದರೂ ಗ್ರಂಥವನ್ನು ಮುಂದೆ ಹಿಡಿದಾಗ ನಾವು ಕೇಳಬೇಕಾದ ಎರಡನೆಯ ಪ್ರಶ್ನೆ ಇದೇ: ನೀವು ಹೇಳುವ ಅರ್ಥದಿಂದ ಯಾರು ಒಳಗೆ ಬಂದರು, ಯಾರು ಹೊರಗೆ ಉಳಿದರು? ವಚನ ಹಿಡಿದವರಿಗೂ ಇದೇ ಪ್ರಶ್ನೆ. ವಿಧವೆಯಾದ ಮಗಳಿಗೆ ಮದುವೆ ಮಾಡಲು ಹಿಂಜರಿದು ಪುಸ್ತಕ ತೆಗೆಯುವವರು ನಮ್ಮಲ್ಲಿಯೂ ಇದ್ದಾರೆ.

ಅಶೋಕನ ಹನ್ನೆರಡನೆಯ ಶಾಸನವೊಂದಿದೆ. ಮಸ್ಕಿಯಲ್ಲಿಲ್ಲ, ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿದೆ. ೧೯೮೦ರ ದಶಕದ ಉತ್ತರಾರ್ಧದಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಚಪ್ಪಡಿ ಹೊರಬಂದಿತು. ನೋಡಿದರೆ ಅದರ ಮೇಲೆ ಬ್ರಾಹ್ಮೀ ಅಕ್ಷರ! ಮೂರ್ತಿ ಕೂಡಿಸಲು ಚಪ್ಪಡಿಯ ನಡುವೆ ರಂಧ್ರ ಕೊರೆದಿದ್ದರಿಂದ ಕೆಲವು ಅಕ್ಷರ ಹೋಗಿವೆ. ಉಳಿದದ್ದನ್ನು ಬೇರೆ ಊರುಗಳ ಪಾಠದೊಡನೆ ಕೂಡಿಸಿ ಓದಿದ್ದಾರೆ. ಅದರ ಸಾರ: ಮಾತನ್ನು ಬಿಗಿಹಿಡಿಯಬೇಕು, ಸಮಯವಲ್ಲದ ಸಮಯದಲ್ಲಿ ತನ್ನ ಮತವನ್ನು ಹೊಗಳಬಾರದು, ಪರಮತವನ್ನು ಹಳಿಯಬಾರದು, ತನ್ನದರ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದರೂ ಹಾನಿಯಾಗುವುದು ತನ್ನ ಮತಕ್ಕೇ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು. ಇದನ್ನು ಬರೆಯಿಸಿದವನು ಕಳಿಂಗದ ಯುದ್ಧ ಮಾಡಿ ಪಶ್ಚಾತ್ತಾಪ ಪಟ್ಟವನು. ಗೆಲುವು ಎಂದರೇನೆಂದು ಅವನಿಗೆ ಗೊತ್ತಿತ್ತು.

ಕೇಳಬೇಕು ಎಂಬ ಮಾತೇ ಕಠಿಣ. ಸಿಂಧನೂರಿನ ಹಿರಿಯರೊಬ್ಬರು, ಹೆಸರು ಬೇಡ, ಮಗ ಬೇರೆ ಪ್ರಾರ್ಥನೆಗೆ ಹೋಗುತ್ತಾನೆಂದು ಎರಡು ವರ್ಷ ಅವನೊಡನೆ ಮಾತು ಬಿಟ್ಟಿದ್ದಾರೆ. ಅವನು ಓದುವ ಪುಸ್ತಕದಲ್ಲಿ ಏನಿದೆ ಎಂದು ಕೇಳಿದೆವು. "ಮುಟ್ಟಿಲ್ಲ ಬುದ್ಧೀ" ಎಂದರು. ಮುಟ್ಟದೆ ತಪ್ಪೆಂದು ಹೇಳುವುದಕ್ಕೂ, ಮುಟ್ಟದೆ ತಪ್ಪಿಲ್ಲವೆಂದು ಹೇಳುವುದಕ್ಕೂ ಎಷ್ಟು ದೂರ? ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ಮಗನ ತಾಟು ಬೇರೆ ಮಾಡಬೇಡಿರಿ. ಅವನ ಪುಸ್ತಕವನ್ನು ಕೇಳಿ ತೆಗೆದುಕೊಂಡು ಪೂರ್ತಿ ಓದಿರಿ, ತಪ್ಪು ಗುರುತಿಸುವ ಪೆನ್ಸಿಲ್ ಕೈಯಲ್ಲಿ ಬೇಡ. ನಿಮಗೆ ಒಳ್ಳೆಯದೆನ್ನಿಸಿದ ಮಾತನ್ನು ಅವನಿಗೆ ಮೊದಲು ಹೇಳಿರಿ. ಆಮೇಲೆ ನಿಮ್ಮ ವಚನ ಸಂಪುಟವನ್ನು ಅವನ ಕೈಗೆ ಕೊಡಿರಿ; ಅದರಲ್ಲಿ ಒಪ್ಪಿಗೆಯಾಗದ್ದನ್ನು ಅವನು ಹೇಳಿದರೆ ಸಿಟ್ಟಾಗದೆ ಕೇಳಿರಿ. ಇಬ್ಬರಿಗೂ ಬಿಡಿಸಲಾಗದ ಪ್ರಶ್ನೆ ಉಳಿದರೆ ಮುಂದಿನ ಅಮಾವಾಸ್ಯೆಗೆ ಅವನನ್ನೂ ಕರೆದುಕೊಂಡು ಮಠಕ್ಕೆ ಬನ್ನಿರಿ. ಬರುವಾಗ ಅವನ ಪುಸ್ತಕವನ್ನೂ ತರಲಿ.